ಬಿಸಿನೀರಿನ ಮೂರ್ಛೆಯ ಚರಿತ್ರೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳ ಮನೆಗಳಲ್ಲಿ ಎಣ್ಣೆಸ್ನಾನವೆಂದರೆ ಒಂದು ಸಂಭ್ರಮ. ಹಂಡೆಯ ನೀರು ಹಬೆಯಾಡುತ್ತಿರಲು, ತಾಯಿಯಾದವಳು ಮಗುವಿನ ನೆತ್ತಿಗೆ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿಯುವಳು. ಈ ಸುಖದ ನಡುವೆಯೇ ಕೆಲವರಿಗೆ ವಿಚಿತ್ರವಾದ ವಿಪತ್ತೊಂದು ಒದಗುವುದುಂಟು. ದೃಷ್ಟಿ ನಟ್ಟಂತಾಗುವುದು, ಮಾತು ಅಸಂಬದ್ಧವಾಗುವುದು, ಕಾರಣವಿಲ್ಲದ ಭೀತಿ ಆವರಿಸುವುದು, ಇಲ್ಲದ ರೂಪಗಳು ಕಾಣುವುವು, ಇಲ್ಲದ ದನಿಗಳು ಕೇಳುವುವು. ಕೆಲವರಿಗೆ ಆ ಸ್ಥಿತಿಯೇ ಹಿತವೆನಿಸಿ, ನೀರು ಹೊಯ್ದುಕೊಳ್ಳುವುದನ್ನು ನಿಲ್ಲಿಸಲಾರರು. ಕಡೆಗೆ ಎಚ್ಚರ ತಪ್ಪಿ ಕೈಕಾಲು ಸೆಳೆಯುವುದೂ ಉಂಟು.

ಇದನ್ನು ಕಣ್ಣಾರೆ ಕಂಡವರು ಗಾಳಿ ಸೋಕಿತೆಂದು ಬಗೆದರೆ ಆಶ್ಚರ್ಯವಿಲ್ಲ. ಆದರೆ ಇದು ಮಿದುಳಿನ ವ್ಯಾಧಿ. ಅಪಸ್ಮಾರದ ಒಂದು ಭೇದ.

ವೈದ್ಯಗ್ರಂಥಗಳಿಗೆ ಇದರ ಪರಿಚಯವಾದುದು 1945ರಲ್ಲಿ, ದೂರದ ನ್ಯೂಜಿಲೆಂಡಿನ ಒಬ್ಬ ಬಾಲಕನಿಂದ. ಅಲ್ಲಿ ಅಪರೂಪವಾದುದು ನಮ್ಮ ನಾಡಿನಲ್ಲಿ ಅಪರೂಪವಲ್ಲವೆಂಬುದನ್ನು ತೋರಿಸಿದವರು ಬೆಂಗಳೂರಿನ ವೈದ್ಯರು. 1968ರಲ್ಲಿ ಡಾ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ ಮೊದಲ ವರದಿಯನ್ನು ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಡಾ. ಪಿ. ಸತೀಶ್‌ಚಂದ್ರರೂ ಸಂಗಡಿಗರೂ 279 ರೋಗಿಗಳ ವೃತ್ತಾಂತವನ್ನು ಲೋಕದ ಮುಂದಿಟ್ಟರು. ಮುಂದೆ ಯಳಂದೂರು ತಾಲ್ಲೂಕಿನಲ್ಲಿ ನಡೆದ ಸಮೀಕ್ಷೆಯಿಂದ, ಅಲ್ಲಿ ಲಕ್ಷ ಜನರಲ್ಲಿ ಸುಮಾರು 255 ಮಂದಿಗೆ ಈ ಬಾಧೆಯಿರುವುದು ತಿಳಿದುಬಂದಿತು.

ಈ ನಾಡಿನಲ್ಲೇ ಇಷ್ಟು ಹೆಚ್ಚೇಕೆ? ತೀರ ಬಿಸಿಯಾದ ನೀರನ್ನು ತಲೆಗೆ ಬೇಗಬೇಗನೆ ಸುರಿಯುವ ನಮ್ಮ ಪದ್ಧತಿ ಒಂದು ಕಾರಣ. ಆದರೆ ಅದೇ ಬಚ್ಚಲಿನಲ್ಲಿ ಮೀಯುವ ಎಲ್ಲರಿಗೂ ಮೂರ್ಛೆ ಬಾರದು. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಕಾಣುವುದರಿಂದ, ಹುಟ್ಟಿನಿಂದ ಬಂದ ಒಲವೂ ಇದಕ್ಕೆ ಸೇರಿದೆಯೆಂದು ಪಂಡಿತರು ಎಣಿಸಿದ್ದಾರೆ.

ಇಷ್ಟನ್ನು ಅರಿತ ಮೇಲೆ ಪರಿಹಾರ ಕಠಿಣವಲ್ಲ. ನೀರಿನ ಬಿಸಿಯನ್ನು ತಗ್ಗಿಸಬೇಕು. ಬಾಧೆಯುಳ್ಳವರನ್ನು ಒಂಟಿಯಾಗಿ ಬಚ್ಚಲಿಗೆ ಬಿಡಬಾರದು. ತಲೆಸ್ನಾನದಲ್ಲಿ ಮಾತ್ರ ಮೂರ್ಛೆ ಬರುವವರಿಗೆ ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಔಷಧವನ್ನು ವೈದ್ಯರು ಕೊಡುವುದುಂಟು. ಕೆಲವರಿಗೆ ಕಾಲಾಂತರದಲ್ಲಿ ಸ್ನಾನವಿಲ್ಲದೆಯೂ ಮೂರ್ಛೆ ಬರುವುದರಿಂದ ದಿನನಿತ್ಯದ ಔಷಧವೂ ಬೇಕಾಗಬಹುದು. ಆದುದರಿಂದ ಉಪೇಕ್ಷೆ ಸಲ್ಲದು.

ಕಠಿಣವಾದುದು ಮತ್ತೊಂದು: ಬಾಯಿಬಿಟ್ಟು ಹೇಳುವುದು. ಮಗಳ ಮದುವೆಗೆ ಅಡ್ಡಿಯಾದೀತೆಂದೋ, ನೆರೆಹೊರೆಯವರು ಆಡಿಕೊಂಡಾರೆಂದೋ ಮುಚ್ಚಿಟ್ಟರೆ, ಬಚ್ಚಲ ಕದದ ಹಿಂದೆ ಮಗು ಒಂಟಿಯಾಗುತ್ತದೆ. ಎಣ್ಣೆಸ್ನಾನವನ್ನು ಬಿಡಬೇಕಾಗಿಲ್ಲ, ನಾಚಿಕೆಯನ್ನು ಬಿಟ್ಟರೆ ಸಾಕು.