ಕೈಬಿಟ್ಟರೆ ಮಾತ್ರ ಇಳಿಯುತ್ತೆ!

2023ರ ಆಗಸ್ಟ್ 23, ಸಂಜೆ 6 ಗಂಟೆ 4 ನಿಮಿಷ. ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲಿಳಿದ ಕ್ಷಣ ಯಾರಿಗೆ ನೆನಪಿಲ್ಲ ಹೇಳಿ? ಆದರೆ ನನ್ನದೊಂದು ಪ್ರಶ್ನೆ. ಆಗ ಅದನ್ನು ಓಡಿಸುತ್ತಿದ್ದವರು ಯಾರು? ಬೆಂಗಳೂರಿನ ಕಂಟ್ರೋಲ್ ರೂಮಿನಲ್ಲಿದ್ದ ವಿಜ್ಞಾನಿಗಳಾ? ಅಲ್ಲವೇ ಅಲ್ಲ. ಕೊನೆಯ ಸುಮಾರು 19 ನಿಮಿಷ ಅವರೂ ನಮ್ಮ ನಿಮ್ಮ ಹಾಗೆ ಸ್ಕ್ರೀನ್ ನೋಡುತ್ತಾ ಕೂತಿದ್ದರು. ಎಂಜಿನ್ ಎಷ್ಟು ಉರಿಯಬೇಕು, ಬಂಡೆ ಎಲ್ಲಿದೆ, ಕಾಲೂರೋದು ಎಲ್ಲಿ, ಎಲ್ಲ ತೀರ್ಮಾನವೂ ವಿಕ್ರಮನದ್ದೇ.

ಇದರ ಹಿಂದೆ ಅರ್ಧ ಶತಮಾನದ ಪಾಠ ಇದೆ. 1970ರ ನವೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಚಂದ್ರನ ಮೇಲೆ ಲುನೊಖೋಡ್-1 ಎಂಬ ಎಂಟು ಚಕ್ರದ ಗಾಡಿ ಇಳಿಸಿತು. ಅದನ್ನು ನಡೆಸಿದ್ದು ಕ್ರಿಮಿಯಾದಲ್ಲಿ ಕೂತ ಐದು ಜನರ ತಂಡ. ಸಿಗ್ನಲ್ ಹೋಗಿಬರೋಕೆ ಎರಡೂವರೆ ಸೆಕೆಂಡು. ಮೇಲಾಗಿ ಚಿತ್ರಗಳು ವಿಡಿಯೊ ಥರ ಬರುತ್ತಿರಲಿಲ್ಲ, ಬಿಟ್ಟು ಬಿಟ್ಟು ಒಂದೊಂದಾಗಿ ಬರುತ್ತಿದ್ದವು. ಗುಂಡಿ ಕಣ್ಣಿಗೆ ಬೀಳುವಷ್ಟರಲ್ಲಿ ಚಕ್ರ ಅದರೊಳಗೇ ಇರಬಹುದು! ಆದರೂ ಹತ್ತು ಕಿಲೋಮೀಟರ್‌ಗೂ ಹೆಚ್ಚು ಓಡಿಸಿದರು.

ಮಂಗಳನಲ್ಲಿ ಈ ಆಟ ನಡೆಯಲ್ಲ. 1997ರ ಜುಲೈನಲ್ಲಿ ಸೋಜರ್ನರ್ ಅಲ್ಲಿಗೆ ತಲುಪಿದಾಗ ಸಿಗ್ನಲ್ ಒಂದು ಕಡೆಗೆ ಹೋಗಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಹಾಗಾಗಿ ನಾಸಾದವರು ಎಲ್ಲಿಗೆ ಹೋಗಬೇಕು ಅಂತ ಹೇಳಿದರು. ದಾರಿಯ ಕಲ್ಲನ್ನು ಲೇಸರ್, ಕ್ಯಾಮೆರಾದಿಂದ ಕಂಡು ಬಳಸಿ ಹೋಗೋದು ಆ 10.6 ಕೆಜಿ ಗಾಡಿಯ ಕೆಲಸ.

ಈಗ 2019ರ ಸೆಪ್ಟೆಂಬರ್ 7ಕ್ಕೆ ಬನ್ನಿ. ಚಂದ್ರಯಾನ-2ರ ವಿಕ್ರಮ್ ಕೊನೆಗಳಿಗೆಯಲ್ಲಿ ಅಪ್ಪಳಿಸಿತು. ಕಾರಣವನ್ನು ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ವಿವರಿಸಿದ್ದಾರೆ. ಎಂಜಿನ್‌ಗಳು ಲೆಕ್ಕಕ್ಕಿಂತ ಹೆಚ್ಚು ನೂಕಿದವು, ತಪ್ಪುಗಳು ಗುಡ್ಡೆಯಾದವು. ತಿದ್ದಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ಸಾಫ್ಟ್‌ವೇರ್ ಅದಕ್ಕೆ ಮಿತಿ ಹಾಕಿತ್ತು. ಇಳಿಯೋಕೆ ಕೊಟ್ಟಿದ್ದ ಜಾಗವೋ, 500 ಮೀಟರ್ ಉದ್ದ, 500 ಮೀಟರ್ ಅಗಲ, ಅಷ್ಟೇ.

ಎಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಕಾಣೋದು ಒಂದೇ ಮಾತು. ಒಬ್ಬಂಟಿಯಾಗಿ ಕಳಿಸಿದ ಮೇಲೆ ಯಂತ್ರಕ್ಕೆ ತಪ್ಪು ತಿದ್ದಿಕೊಳ್ಳುವ ಜಾಗವನ್ನೂ ಕೊಡಬೇಕು. ಚಂದ್ರಯಾನ-3ಕ್ಕೆ ಇಸ್ರೊ ಅದನ್ನೇ ಕೊಟ್ಟಿತು. ಇಳಿಯುವ ಜಾಗ 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲ ಆಯಿತು. ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡಿ, ಒಂದೊಂದಕ್ಕೂ ಉತ್ತರ ಸಿದ್ಧಮಾಡಿದರು.

ಹಾಗಂತ ಮನುಷ್ಯ ಬೇಡ ಅಂತಲ್ಲ. ಇಳಿದ ನಾಲ್ಕೇ ದಿನಕ್ಕೆ ಪ್ರಜ್ಞಾನ್ ರೋವರ್ ಎದುರಿಗೆ 4 ಮೀಟರ್ ಅಗಲದ ಕುಳಿ ಬಂತು. ಕುಳಿ ಇನ್ನೂ 3 ಮೀಟರ್ ದೂರ ಇತ್ತು, ಯೋಚನೆ ಮಾಡೋಕೆ ಪುರಸೊತ್ತಿತ್ತು. ಬಂದ ದಾರಿಯಲ್ಲೇ ಹಿಂದಿರುಗು ಅಂತ ಆದೇಶ ಹೋಯಿತು, ರೋವರ್ ತಿರುಗಿತು.

ಮುಂದಿನ ಸಲ ಲೈವ್‌ನಲ್ಲಿ ವಿಜ್ಞಾನಿಗಳು ಕೈಕಟ್ಟಿ ಕೂತಿದ್ದು ಕಂಡರೆ, ಇವರೇನೂ ಮಾಡ್ತಿಲ್ಲ ಅಂದುಕೊಳ್ಳಬೇಡಿ. ಅವರ ಕೆಲಸ ಅಷ್ಟರಲ್ಲಾಗಲೇ ಮುಗಿದಿರುತ್ತೆ.