ಅಂಗಳದ ಆಡು, ಎರಡು ನುಡಿ

ನಮ್ಮ ನ್ಯಾಲ್ಕಲ್ ಹಿಂದೆ ಹೈದರಾಬಾದ್ ರಾಜ್ಯದ ಬೀದರ ತಾಲೂಕಿನ ಒಂದು ಸರ್ಕಲ್ ಆಗಿತ್ತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಹೋಯಿತು; ನ್ಯಾಲ್ಕಲ್ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ ಸೇರಿತು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ಬರಬರುತ್ತ ಕಚೇರಿಯ ಕಾಗದ ತೆಲುಗಾಯಿತು.

ಅಂಗಳದ ಆಡು ಮಾತ್ರ ಗಡಿ ಕೇಳಲಿಲ್ಲ. ಉಸ್ಮಾನಾಬಾದಿ ಎಂಬ ಕರಿ ಆಡಿನ ತಳಿಗೆ ಹೆಸರು ಕೊಟ್ಟ ಜಿಲ್ಲೆಯೂ ಅದೇ ಹೈದರಾಬಾದ್ ರಾಜ್ಯದ್ದು. ಈಗ ಆ ತಳಿ ಮಹಾರಾಷ್ಟ್ರ, ಕರ್ನಾಟಕ, ತೆಲಂಗಾಣ ಮೂರರಲ್ಲೂ ಮೇಯುತ್ತದೆ. ಗಬ್ಬವಾದ ಐದು ತಿಂಗಳಿಗೆ ಈಯುತ್ತದೆ, ಎಷ್ಟೋ ಸಲ ಅವಳಿ ಮರಿ. ತುಂಡು ಹೊಲದ ಮನೆಗೆ ಅದೇ ಗಂಟು: ಹಾಲು ಕೂಸಿಗೆ, ಹಿಕ್ಕೆ ಹೊಲಕ್ಕೆ, ಹೋತ ಮಾರಿದ ದುಡ್ಡು ಮಕ್ಕಳ ಪಾಟಿ-ಪುಸ್ತಕಕ್ಕೆ.

ಈ ‘ಹೋತ’ ಎಂಬ ಮಾತನ್ನೇ ನೋಡಿರಿ. ಹಳಗನ್ನಡದಲ್ಲಿ ಅದು ‘ಪೋತ’. ನಮ್ಮ ಪಕಾರ ಮುಂದೆ ಹಕಾರವಾಯಿತು. ತೆಲುಗಿನಲ್ಲಿ ‘ಪೋತು’ ಹಾಗೇ ಉಳಿಯಿತು. ಎರಡೂ ಒಂದೇ ಬೇರಿನ ಚಿಗುರು. ಸರ್ಕಾರ ನಕ್ಷೆ ಬರೆಯಬಲ್ಲದು, ಮನೆಮಾತು ಉಳಿಸುವುದು ಮನೆಯವರ ಕೆಲಸ. ಆಡಿಗೆ ತಪ್ಪಲು ಹಾಕುವ ಮಗುವಿಗೆ ಶಾಲೆ ‘ಮೇಕಪೋತು’ ಕಲಿಸೀತು. ‘ಹೋತ’ ಎನ್ನುವುದನ್ನು ನೀವೇ ಕಲಿಸಬೇಕು.