ತಣಿಸಿ ಗಳಿಸಿದ ಗಂಟೆಗಳು

ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಮಿತಿಯಲ್ಲಿದ್ದರೆ ನಿರಪಾಯಕಾರಿ. ಮಿತಿ ಮೀರಿದರೆ ಯಕೃತ್ತನ್ನೇ, ಅಂದರೆ ಲಿವರನ್ನೇ, ಕೊಲ್ಲುತ್ತದೆ ಎಂಬ ಮೊದಲ ವರದಿಗಳಲ್ಲೊಂದು 1966ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಬಂತು. ಮಾತ್ರೆಯ ಒಂದಂಶ ದೇಹದೊಳಗೆ ವಿಷವಾಗಿ ಬದಲಾಗುತ್ತದೆ. ಅದನ್ನು ಅಡಗಿಸುವ ಗ್ಲೂಟಥಯೋನ್ ತೀರಿಹೋದಾಗ ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ.

1970ರ ದಶಕದಲ್ಲಿ ಅದೇ ಊರಿನ ಲಾರಿ ಪ್ರೆಸ್ಕಾಟ್ ಮತ್ತು ಸಂಗಡಿಗರು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವನ್ನು ರಕ್ತನಾಳದ ಮೂಲಕ ಕೊಟ್ಟು ನೋಡಿದರು. ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಹಾನಿ ಬಹುಮಟ್ಟಿಗೆ ತಪ್ಪುತ್ತಿತ್ತು. ತಡವಾಗಿ ಬಂದವರ ಗತಿ?

ಅವರಲ್ಲಿ ಹಲವರ ಜೀವಕ್ಕೆ ಎರವಾಗುತ್ತಿದ್ದದ್ದು ಮಿದುಳು. ಕೆಟ್ಟ ಯಕೃತ್ತು ಅಮೋನಿಯಾವನ್ನು ತೆಗೆಯಲಾರದು. ರಕ್ತದಲ್ಲಿ ಉಳಿದ ಅಮೋನಿಯಾದಿಂದ ಮಿದುಳು ಊದಿಕೊಳ್ಳುತ್ತದೆ, ತಲೆಬುರುಡೆಯಲ್ಲಿ ಅದಕ್ಕೆ ಜಾಗವಿಲ್ಲ. ಹೊಸ ಯಕೃತ್ತು ಸಿಗುವ ಮೊದಲೇ ಪ್ರಾಣ ಹೋಗುತ್ತಿತ್ತು.

1999ರಲ್ಲಿ ರಾಜೀವ್ ಜಲನ್ ಮತ್ತು ಎಡಿನ್‌ಬರೋದ ಸಹೋದ್ಯೋಗಿಗಳು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಏಳು ರೋಗಿಗಳ ಕಥೆ ಬರೆದರು. ಬೇರಾವ ಮದ್ದಿಗೂ ಬಗ್ಗದ ಒತ್ತಡ ಅವರ ತಲೆಯೊಳಗಿತ್ತು. ತಂಪು ಹೊದಿಕೆಗಳಿಂದ ಮೈಯನ್ನು 32–33 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದಾಗ ಆ ಒತ್ತಡ 45ರಿಂದ 16 ಮಿಲಿಮೀಟರ್ ಪಾದರಸಕ್ಕೆ ಬಂತು. ಕಸಿಗೆ ಅರ್ಹರಾಗಿದ್ದ ನಾಲ್ವರು ಶಸ್ತ್ರಚಿಕಿತ್ಸೆಯವರೆಗೆ ಉಳಿದರು. ಅರ್ಹರಲ್ಲದ ಮೂವರು ಮೈ ಮತ್ತೆ ಬೆಚ್ಚಗಾದ ಮೇಲೆ ತೀರಿಕೊಂಡರು.

ಆ ಮೂವರ ಸಾವು ಈ ಚಿಕಿತ್ಸೆಯ ಮಿತಿಯನ್ನು ತೋರಿಸಿತ್ತು. ತಂಪು ಯಕೃತ್ತನ್ನು ವಾಸಿಮಾಡಲಿಲ್ಲ, ಕಾಯಲು ಒಂದಷ್ಟು ಗಂಟೆ ಕೊಟ್ಟಿತು ಅಷ್ಟೆ. ಆದರೂ ಆಸೆ ಹುಟ್ಟಿತು: ಒತ್ತಡ ಏರುವ ಮುನ್ನವೇ ತಣಿಸಿದರೆ?

2016ರಲ್ಲಿ ಪ್ರಕಟವಾದ, ಹಲವು ಆಸ್ಪತ್ರೆಗಳು ಕೂಡಿ ನಡೆಸಿದ ಪ್ರಯೋಗ ಇದಕ್ಕೆ ಉತ್ತರಿಸಿತು. ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದನ್ನು 34 ಡಿಗ್ರಿಯಲ್ಲಿ, ಇನ್ನೊಂದನ್ನು 36ರಲ್ಲಿ ಇಟ್ಟರು. ಫಲಿತಾಂಶ ಪರಿಶೀಲಿಸಿದ್ದು 43 ಮಂದಿಯದು. ಮಿದುಳಿನ ಒತ್ತಡ ಏರಿದ್ದು ತಂಪಿನ ಗುಂಪಿನಲ್ಲಿ ಶೇ. 35, ಇನ್ನೊಂದರಲ್ಲಿ ಶೇ. 27. ಸಾವಿನಲ್ಲೂ ಗಣನೀಯ ವ್ಯತ್ಯಾಸವಿರಲಿಲ್ಲ. ಚಿಕ್ಕ ಪ್ರಯೋಗ, ನಿಜ. ಆದರೆ ಎಲ್ಲರನ್ನೂ ಮುಂಚಿತವಾಗಿ ತಣಿಸಬೇಕೆಂಬ ವಾದ ಅಲ್ಲಿ ನಿಲ್ಲಲಿಲ್ಲ.

ಏಳು ಜನರ ವರದಿ ಸುಳ್ಳಾಗಿರಲಿಲ್ಲ. ಅದು ಕೇಳಿದ್ದ ಪ್ರಶ್ನೆಯೇ ಬೇರೆ. ಕೈಮೀರಿದ ಒಬ್ಬ ರೋಗಿಗೆ ಕಸಿಯವರೆಗೆ ಸೇತುವೆಯಾದದ್ದು, ಎಲ್ಲರಿಗೂ ರಕ್ಷೆಯಾಗಬೇಕೆಂದಿಲ್ಲ. ಹೆಚ್ಚು ಜೀವ ಉಳಿಸಿದ್ದು ಸಮಯಕ್ಕೆ ಸರಿಯಾಗಿ ಕೊಟ್ಟ ಆ ಹಳೆಯ ಪ್ರತಿವಿಷವೇ. ಅದಕ್ಕೇ, ಮಾತ್ರೆ ಮಿತಿ ಮೀರಿತೆಂಬ ಅನುಮಾನ ಬಂದರೆ, ಆರಾಮಾಗಿಯೇ ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.